ನಲವತ್ತು ನಿಮಿಷ ಯೋಚಿಸುವ ಯಂತ್ರ

ಬೋರ್ಘಿಲ್ಡ್‌ಳನ್ನು ಸರಕಿನಂತೆ ಮುಂದಿಟ್ಟು ಬೆಲೆ ಕಟ್ಟು ಎಂದಿದ್ದರೆ ನಾನು ಎರಡನೇ ಸಲ ತಿರುಗಿ ನೋಡದೆ ಮುಂದಿನ ಅಂಗಡಿಗೆ ಹೋಗುತ್ತಿದ್ದೆ. ವಯಸ್ಸು ಎಪ್ಪತ್ತನಾಲ್ಕು. ಬಲ ಮಂಡಿ ಆಸ್ಪತ್ರೆಯವರು ಹಾಕಿಕೊಟ್ಟದ್ದು, ಎಡ ಮಂಡಿ ಹುಟ್ಟಿದಾಗಿನದು, ಎರಡಕ್ಕೂ ಹೊಂದಾಣಿಕೆ ಇಲ್ಲ. ಮೈಮೇಲೆ ಮೊಣಕೈಗೆ ಮೂರು ಬಣ್ಣದ ತೇಪೆ ಹಾಕಿದ ಉಣ್ಣೆ ಸ್ವೆಟರ್. ಓಡಾಟಕ್ಕೆ, ಹಿಂದೆ ನಿಂತು ಒಂದು ಕಾಲಲ್ಲಿ ಒದ್ದುಕೊಂಡು ಹಿಮದ ಮೇಲೆ ಜಾರಿಸುವ ಗಾಡಿ. ಮಾತು ಕಡಿಮೆ, ಇದ್ದಷ್ಟೂ ಖಾರ. ರಾಜನೇ ಎದುರು ಬಂದರೂ ‘ನೀನು’ ಎನ್ನುವ ಹೆಂಗಸು. ಗ್ಯಾರಂಟಿ ಮುಗಿದ ಮಾಲು ಎಂದು ಮನಸ್ಸಿನಲ್ಲೇ ಚೀಟಿ ಅಂಟಿಸಿ, ನಾಲ್ಕು ವರ್ಷ ದೂರದಿಂದ ಕೈಬೀಸಿ ಸುಮ್ಮನಿದ್ದೆ. (ಮೂವತ್ತೊಂದು ವರ್ಷ ವ್ಯಾಪಾರದಲ್ಲಿ ಪಳಗಿದ ಕಣ್ಣು ನನ್ನದು. ಈಗ ಯಾರಾದರೂ ಕೇಳಿದರೆ ಆ ಕಣ್ಣನ್ನು ಅರ್ಧ ಬೆಲೆಗೆ ಕೊಟ್ಟುಬಿಡುತ್ತೇನೆ.)

ಬೋರ್ಘಿಲ್ಡ್, ನಾವು ವಾರದ ರಜೆಗೆ ಹೋಗುವ ಗುಡ್ಡದ ಮನೆಯ ನೆರೆಯವಳು. ನಾವಿರುವುದು ಕೆಳಗೆ ಡ್ರಾಮೆನ್ ಪಟ್ಟಣದಲ್ಲಿ, ಕಾರಿನಲ್ಲಿ ಮೂರು ಗಂಟೆಯ ದಾರಿ. ಅಲ್ಲಿ ನನ್ನದೊಂದು ಅಂಗಡಿ. ಕಾರ್ಖಾನೆಗಳಿಗೂ ಪಂಪ್‌ಮನೆಗಳಿಗೂ ಬೇಕಾಗುವ ನಿಯಂತ್ರಣ ಪೆಟ್ಟಿಗೆಗಳನ್ನು ಮಾರುತ್ತೇನೆ. ಪೆಟ್ಟಿಗೆಯೊಳಗೆ ಮೊಬೈಲಿನ ಸಿಮ್ ಇರುತ್ತದೆ, ರಿಲೇ ಎಂಬ ಸಣ್ಣ ಸಣ್ಣ ಸ್ವಿಚ್ಚುಗಳಿರುತ್ತವೆ. ಇಲ್ಲಿಂದ ಒಂದು ಸಂದೇಶ ಕಳಿಸಿದರೆ ಅಲ್ಲಿ ರಿಲೇ ಟಕ್ ಎನ್ನುತ್ತದೆ, ನೂರಾರು ಕಿಲೋಮೀಟರ್ ಆಚೆ ಮೋಟರ್ ತಿರುಗುತ್ತದೆ. ಮನುಷ್ಯ ಜಾಗ ಬಿಟ್ಟು ಏಳಬೇಕಾಗಿಲ್ಲ. ನಾನು ಮಾರುವುದು ಪೆಟ್ಟಿಗೆಯನ್ನಲ್ಲ, ಆ ಏಳದಿರುವ ಸುಖವನ್ನು.

ಗುಡ್ಡದ ಮನೆಯಲ್ಲಿ ಚಳಿಗಾಲದ ಶುಕ್ರವಾರ ಹೋಗಿ ಇಳಿದರೆ ಒಳಗೂ ಹೊರಗೂ ಒಂದೇ ಹವೆ, ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗೆ. ಕೋಟು ಕಳಚುವುದು ಶನಿವಾರ ಮಧ್ಯಾಹ್ನ. ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆಯಿತೆಂದರೆ ಅದೂ ಇಲ್ಲ. ಹಾಗಾಗಿ ನಾಲ್ಕು ವರ್ಷದ ಹಿಂದೆ ಎರಡು ಹೀಟರ್ ಹಾಕುವುದಕ್ಕೆಂದು, ಕಾಗದದ ಕಾರ್ಖಾನೆಯೊಂದನ್ನು ನಡೆಸಬಲ್ಲ ಪೆಟ್ಟಿಗೆಯನ್ನು ತಂದು ಅಡುಗೆಮನೆಯ ಗೋಡೆಗೆ ಪ್ರತಿಷ್ಠಾಪಿಸಿದೆ.

“ಎರಡು ಹೀಟರ್‌ಗೆ ಇಷ್ಟು ದೊಡ್ಡ ಪೆಟ್ಟಿಗೆನಾ?” ಅಂದಳು ನನ್ನ ಹೆಂಡತಿ ಟೋರುನ್. “ಪಾತ್ರೆ ಎಲ್ಲಿ ನೇತುಹಾಕ್ಲಿ ಸಿಗ್‌ಮುಂಡ್? ನಿನ್ನ ಕಿವಿಗಾ?”

“ಇದು ಉದ್ಯಮ ದರ್ಜೆಯದು ಕಣೇ. ಇಪ್ಪತ್ತು ವರ್ಷ ಬಾಳುತ್ತೆ.”

“ಮದುವೇಲಿ ನಿನ್ನ ಬಗ್ಗೇನೂ ಹಾಗೇ ಹೇಳಿದ್ರು.”

ಪ್ರತಿ ಗುರುವಾರ ಅಂಗಡಿಯಲ್ಲಿ ಕೂತು ‘ರಿಲೇ ಒಂದು ಆನ್, ರಿಲೇ ಎರಡು ಆನ್’ ಎಂದು ಕಳಿಸುತ್ತಿದ್ದೆ. ‘ಆನ್ ಆಗಿದೆ’ ಎಂದು ಉತ್ತರ ಬರುತ್ತಿತ್ತು. ಶುಕ್ರವಾರ ಹೋದರೆ ಮನೆ ಬೆಚ್ಚಗೆ. ಮೊದಮೊದಲು ಉತ್ತರ ತಕ್ಷಣ ಬರುತ್ತಿತ್ತು, ಆಮೇಲೆ ನಲವತ್ತು ನಿಮಿಷ ಹಿಡಿಯತೊಡಗಿತು. ನನಗೆ ಅನುಮಾನ ಬರಲಿಲ್ಲ. ಅನುಮಾನದ ಬದಲು ಅಭಿಮಾನ ಬಂತು. ಒಂದು ಗುರುವಾರವಂತೂ ನಾನು ಆದೇಶ ಕೊಡುವ ಮೊದಲೇ ‘ಹಾಕಿದೀನಿ, ಇವತ್ತು ತುಂಬ ಚಳಿ’ ಎಂಬ ಸಂದೇಶ ಬಂತು. ಅದನ್ನು ನಾನು ಅಂಗಡಿಯ ಜಾಹೀರಾತು ಪತ್ರಿಕೆಯಲ್ಲಿ ‘ಹವಾಮಾನವನ್ನು ಸ್ವಯಂ ಗ್ರಹಿಸಿ ವರ್ತಿಸುವ ಸಾಧನ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದೆ.

ಆ ಪತ್ರಿಕೆಯನ್ನು ಓದಿಯೇ ಕರಾವಳಿಯ ಒಂದು ನಗರಸಭೆಯಿಂದ ಕರೆ ಬಂದದ್ದು. ಅಲ್ಲಿನ ಎಂಜಿನಿಯರ್ ಉನ್ನಿ ಸ್ಟೆನ್ಸ್‌ವಿಕ್ ಎಂಬಾಕೆ. ತೆಳ್ಳಗೆ, ಎತ್ತರವಾಗಿ, ಯಾರು ಏನು ಹೇಳಿದರೂ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುವವರು.

“ಐವತ್ತೆರಡು ಪಂಪ್‌ಮನೆ ಇದೆ ನಮ್ಮದು, ಅದರಲ್ಲಿ ಅರ್ಧದಷ್ಟು ದ್ವೀಪಗಳ ಮೇಲೆ,” ಅಂದರು, ನಾನು ಕಚೇರಿಗೆ ಹೋದಾಗ. “ಪಂಪ್ ನಿಂತ್ರೆ ದೋಣೀಲಿ ಹೋಗಿ ಗುಂಡಿ ಒತ್ತಿ ಬರಬೇಕು. ಬಿರುಗಾಳಿ ದಿನ ದೋಣಿ ಹೋಗಲ್ಲ. ಆಗ ಊರಿನ ಕೊಳಚೆ ಎಲ್ಲಿಗೆ ಹೋಗುತ್ತೆ ಗೊತ್ತಾ?”

“ಸಮುದ್ರಕ್ಕೆ?”

“ಮೇಯರ್ ಈಜೋ ಜಾಗಕ್ಕೆ.”

ಐವತ್ತೆರಡು ಪೆಟ್ಟಿಗೆ! ಈ ವ್ಯಾಪಾರ ಕುದುರಿದರೆ ನನ್ನ ಅಂಗಡಿ ಉಳಿಯುತ್ತದೆ. ಕುದುರದಿದ್ದರೆ ಬಾಗಿಲು ಹಾಕಿ ಭಾವಮೈದುನನ ಟೈರ್ ಅಂಗಡಿಯಲ್ಲಿ, ಅವನ ಹೆಸರು ಬರೆದ ಟೋಪಿ ಹಾಕಿಕೊಂಡು ನಿಲ್ಲಬೇಕು. ಟೋಪಿ ಆಗಲೇ ಹೊಲಿಸಿಟ್ಟಿದ್ದಾನೆಂದು ಟೋರುನ್ ಹೇಳಿದ್ದಳು. ನಾನು ಅವರ ಕಚೇರಿಯಲ್ಲೇ ಮೊಬೈಲ್ ತೆಗೆದು ಗುಡ್ಡದ ಮನೆಗೆ ಆದೇಶ ಕಳಿಸಿದೆ. ಕಾಫಿ ಕುಡಿದೆವು. ಇನ್ನೊಂದು ಕಾಫಿ ಕುಡಿದೆವು. ಎಂಜಿನಿಯರ್ ಗಡಿಯಾರ ನೋಡಿದರು.

“ಉದ್ಯಮ ದರ್ಜೆಯ ಯಂತ್ರ ಅವಸರ ಪಡೋದಿಲ್ಲ ಮೇಡಂ,” ಎಂದೆ. “ಎಲ್ಲಾ ಹಂತ ಪರಿಶೀಲಿಸಿ, ಯೋಚನೆ ಮಾಡಿ, ಆಮೇಲೆ ಹಾಕುತ್ತೆ.”

ಮೊಬೈಲ್ ಗುಂಯ್ ಎಂದಿತು. ‘ಆನ್ ಆಗಿದೆ.’ ಅವರು ಬರೆದುಕೊಂಡರು. “ಕಣ್ಣಾರೆ ನೋಡ್ಬೇಕಲ್ಲ. ಮಾತಲ್ಲಿ ಎಲ್ಲಾ ಯಂತ್ರಾನೂ ಓಡುತ್ತೆ.”

ಮಾರ್ಚ್ ತಿಂಗಳ ಒಂದು ಶನಿವಾರ ಅವರನ್ನು ಗುಡ್ಡದ ಮನೆಗೆ ಕರೆದುಕೊಂಡು ಹೋದೆ. ಹಿಂದಿನ ದಿನವೇ ಹೋಗಿದ್ದ ಟೋರುನ್ ಅಚ್ಚಿರುವ ಕಬ್ಬಿಣದ ಕಾವಲಿಯಲ್ಲಿ ವಾಫಲ್ ಎಂಬ ಸಿಹಿ ದೋಸೆ ಹುಯ್ಯುತ್ತಿದ್ದಳು. ಅತಿಥಿ ಬಂದು ಕೂತದ್ದೇ ಕಂದು ಚೀಸನ್ನು ತೆಳ್ಳಗೆ ಹೆರೆದು ಅದರ ಮೇಲೆ ಹಾಕಿಕೊಟ್ಟಳು. ಅವಳ ಮುಖ ಮಾತ್ರ ಯಾಕೋ ಕೆಂಪಗಿತ್ತು.

“ಯಂತ್ರ ತೋರಿಸೋದು ಆಮೇಲಾಯ್ತು,” ಅಂದಳು ನನಗೆ ಮೆಲ್ಲಗೆ. “ಮೊದ್ಲು ಅವರಿಗೆ ಹೊರಗೆ ಗುಡ್ಡ ತೋರಿಸ್ಕೊಂಡು ಬಾ.”

“ಗುಡ್ಡ ಎಲ್ಲಿಗೂ ಓಡಿಹೋಗಲ್ಲ,” ಎಂದು ನಾನು ಗೋಡೆಯ ಪೆಟ್ಟಿಗೆಯ ಮುಂದೆ ನಿಂತೆ. ಹಸಿರು ದೀಪ ಉರಿಯುತ್ತಿತ್ತು. ಕಂಠ ಸರಿಮಾಡಿಕೊಂಡು, “ನೋಡಿ, ಈಗ ರಿಲೇ ಎರಡು ಆಫ್,” ಎಂದು ಸಂದೇಶ ಕಳಿಸಿದೆ.

ಹೀಟರ್ ಉರಿಯುತ್ತಲೇ ಇತ್ತು.

“ಯೋಚಿಸ್ತಾ ಇದೆ,” ಎಂದೆ.

“ಯೋಚಿಸ್ಲಿ,” ಎಂದು ಎಂಜಿನಿಯರ್ ಬಾಗಿಲ ಪಕ್ಕದಲ್ಲಿದ್ದ ಪುಸ್ತಕ ಎತ್ತಿಕೊಂಡರು. ನಮ್ಮ ಗುಡ್ಡದ ಮನೆಗಳಲ್ಲೆಲ್ಲ ಈ ಪುಸ್ತಕವಿರುತ್ತದೆ. ಒಳಗೆ ಕಾಲಿಟ್ಟವರು ಹವೆ ಎಷ್ಟು, ಏನು ಮಾಡಿದೆ, ಏನು ತಿಂದೆ ಎಂದು ಬರೆದು ಸಹಿ ಹಾಕಬೇಕು. ಬರೆಯದೆ ಹೋದವನು ಕಳ್ಳನಿಗೆ ಸಮ. ಬಂದ ಅತಿಥಿ ಅದನ್ನು ಓದುವುದು ಸೌಜನ್ಯ. ನಾನೂ ತಪ್ಪದೆ ಬರೆಯುತ್ತಿದ್ದೆ. ಆದರೆ ನನ್ನ ಸ್ಕೀಯಿಂಗ್ ಸಾಹಸಗಳಿಗೆ ವಿಶಾಲವಾದ ಜಾಗ ಬೇಕೆಂದು ಪುಸ್ತಕದ ಹಿಂಬದಿಯಿಂದ ಬರೆಯುತ್ತಿದ್ದೆ. ಮುಂಬದಿಯಲ್ಲಿ ಉಳಿದವರು ಏನು ಬರೆಯುತ್ತಾರೆಂದು ನೋಡಿದವನಲ್ಲ. ಇನ್ನೊಬ್ಬರು ಏನು ತಿಂದರೆ ನನಗೇನು?

ಎಂಜಿನಿಯರ್ ಮುಂಬದಿಯಿಂದ ತೆರೆದರು. ಓದಿದರು. ಇನ್ನೊಂದು ಪುಟ ಓದಿದರು. ಆಮೇಲೆ ನಿಧಾನವಾಗಿ, ನಗರಸಭೆಯ ನಡಾವಳಿ ಓದುವ ದನಿಯಲ್ಲಿ ಗಟ್ಟಿಯಾಗಿ ಓದತೊಡಗಿದರು.

“‘ಗುರುವಾರ. ಮೈನಸ್ ಹತ್ತೊಂಬತ್ತು. ಎರಡು ಹತ್ತಕ್ಕೆ ಯಜಮಾನನ ಅಪ್ಪಣೆ ಬಂತು. ಎರಡೂ ಹೀಟರ್ ಹಾಕಿದೆ. ಮೆಟ್ಟಿಲ ಹಿಮ ತೆಗೆದೆ. ಡಬ್ಬಿಯಲ್ಲಿದ್ದ ಬಿಸ್ಕತ್ತು ಒಂದು ತಿಂದೆ. ಬೋರ್ಘಿಲ್ಡ್.’ ಮುಂದಿನದು. ‘ಗುರುವಾರ. ಮೈನಸ್ ಇಪ್ಪತ್ನಾಲ್ಕು. ಅಪ್ಪಣೆಗೆ ಕಾಯದೆ ಹಾಕಿದೆ. ಬಿಸ್ಕತ್ತು ಮೆತ್ತಗಾಗಿದೆ.’ ಮುಂದಿನದು...”

“ಟೋರುನ್!” ಎಂದೆ.

“ವಾಫಲ್ ಸೀದುಹೋಗುತ್ತೆ,” ಎಂದಳು ಅವಳು, ಬೆನ್ನು ತಿರುಗಿಸಿ.

ಅಷ್ಟರಲ್ಲಿ ಹೊರಗೆ ಜಾರುಗಾಡಿ ನಿಂತ ಸದ್ದು. ಬಾಗಿಲು ತೆರೆದುಕೊಂಡಿತು. ಬೋರ್ಘಿಲ್ಡ್, ಟೋಪಿಯ ಮೇಲೆ ಹಿಮ, ಕೈಯಲ್ಲಿ ಗುಂಡಿಗಳಿರುವ ಹಳೇ ಕಾಲದ ಮೊಬೈಲು.

“ಸಿಗ್‌ಮುಂಡ್,” ಅಂದಳು ಏದುಸಿರು ಬಿಡುತ್ತಾ, “ಹೀಟರ್ ನಿನ್ನಿಂದ ಮೂರು ಹೆಜ್ಜೆ ದೂರದಲ್ಲಿದೆ. ಮನೆಯೊಳಗೇ ಕೂತ್ಕೊಂಡು ಆಫ್ ಮಾಡು ಅಂತ ನನ್ನನ್ನ ಕರೀತೀಯಲ್ಲ, ನಿನಗೆ ಕಾಲಿಲ್ವಾ?”

ಎಂಜಿನಿಯರ್ ತಮ್ಮ ಪುಟ್ಟ ಪುಸ್ತಕ ತೆಗೆದರು.

ವಿಷಯ ಇಷ್ಟೆ. ಪೆಟ್ಟಿಗೆ ಹಾಕಿದ ಮೊದಲ ಚಳಿಗಾಲದಲ್ಲೇ ಇಲಿಗಳು ಅದರ ಆಂಟೆನಾ ತಂತಿಯನ್ನು ತಿಂದು ಮುಗಿಸಿದ್ದವು. ಕರೆಂಟು ಇದ್ದುದರಿಂದ ದೀಪ ಹಸಿರಾಗಿಯೇ ಉರಿಯುತ್ತಿತ್ತು. ಕಡಿದ ತಂತಿಯನ್ನು ಕಂಡ ಟೋರುನ್ ಪೆಟ್ಟಿಗೆಯ ಸಿಮ್ ತೆಗೆದು ಬೋರ್ಘಿಲ್ಡ್‌ಳ ಹಳೇ ಮೊಬೈಲಿಗೆ ಹಾಕಿ, ಕೀಲಿಕೈಯನ್ನೂ ಕೊಟ್ಟು ಬಂದಿದ್ದಳು.

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಏನ್ ಮಾಡ್ತಿದ್ದೆ? ಏಣಿ ಹತ್ತಿ, ಬಾಯಲ್ಲಿ ಸ್ಕ್ರೂ ಕಚ್ಕೊಂಡು ಈಸ್ಟರ್ ರಜಾ ಪೂರ್ತಿ ಗೋಡೆ ಜೊತೆ ಜಗಳ ಆಡ್ತಿದ್ದೆ. ಒಂದ್ ರಜಾ ನಾನು ನೆಮ್ಮದಿಯಾಗಿ ಕಿತ್ತಲೆಹಣ್ಣು ತಿನ್ಬೇಕಿತ್ತು. ಆಮೇಲೆ ನೋಡಿದ್ರೆ, ಬೋರ್ಘಿಲ್ಡ್ ನಿನ್ನ ಪೆಟ್ಟಿಗೆಗಿಂತ ಚೆನ್ನಾಗಿ ನಡೀತಿದ್ಳು.”

ಎಂಜಿನಿಯರ್ ನನ್ನನ್ನು ಬಿಟ್ಟು ಬೋರ್ಘಿಲ್ಡ್ ಕಡೆ ಕುರ್ಚಿ ತಿರುಗಿಸಿಕೊಂಡರು. “ನೆಟ್‌ವರ್ಕ್ ಇಲ್ಲದ ದಿನ ಏನು ಮಾಡ್ತಿದ್ರಿ?”

“ಕಿಟಕಿ ಹೊರಗಿನ ಥರ್ಮಾಮೀಟರ್ ನೋಡ್ತೀನಿ. ಹೋಗ್ತೀನಿ.”

“ನಾಲ್ಕು ವರ್ಷದಲ್ಲಿ ತಪ್ಪಿದ್ದು?”

“ಮಂಡಿ ಹಾಕಿಸ್ಕೊಂಡ ವಾರ. ಆಗ ತಂಗೀನ ಕಳಿಸಿದ್ದೆ. ಬರ್ದಿದೀನಿ ನೋಡು ಅದರಲ್ಲಿ.”

“ದೂರು ಏನಾದ್ರೂ?”

“ಇದೆ,” ಎಂದಳು ಬೋರ್ಘಿಲ್ಡ್, ಮೂರನೆಯ ವಾಫಲ್ ಮಡಚುತ್ತಾ. “ರಿಲೇ ಒಂದು ಆನ್, ರಿಲೇ ಎರಡು ಆನ್. ಸೈನ್ಯದಲ್ಲೂ ಹೀಗೆ ಕೂಗಲ್ಲ. ನಾಲ್ಕು ಚಳಿಗಾಲ, ಒಂದ್ಸಲನಾದ್ರೂ ‘ದಯವಿಟ್ಟು’ ಅಂದಿದಾನಾ ಕೇಳು. ಕತ್ತೆಗೂ ಇದಕ್ಕಿಂತ ಚೆನ್ನಾಗಿ ಹೇಳ್ತಾರೆ.”

“ಬೋರ್ಘಿಲ್ಡ್, ಅದು ನೀವು ಅಂತ ನನಗೆ...”

“ನಾನು ಅಂತ ಗೊತ್ತಿಲ್ದಿದ್ರೆ ಮರ್ಯಾದೆ ಬೇಡ್ವಾ?”

ನಾನು ಮೂರು ಹೆಜ್ಜೆ ನಡೆದು ಹೀಟರ್ ಆಫ್ ಮಾಡಿದೆ.

ಎಂಜಿನಿಯರ್ ಅಲ್ಲೇ ಎದ್ದು ಹೋಗಬಹುದಿತ್ತು. ಆದರೆ ಅವರು ನ್ಯಾಯವಂತರು. “ಯಂತ್ರದ್ದು ತಪ್ಪಿಲ್ಲ, ಇಲೀದು,” ಎಂದರು. “ತಂತಿ ಸರಿ ಮಾಡ್ಸಿ, ಸಿಮ್ ವಾಪಸ್ ಹಾಕಿ. ಬರೋ ಚಳಿಗಾಲ ಪೂರ್ತಿ ಯಂತ್ರ ಒಂದೇ ಓಡ್ಲಿ. ಪ್ರತಿ ಗುರುವಾರ ಬೋರ್ಘಿಲ್ಡ್ ಬಂದು ನೋಡಿ ಈ ಪುಸ್ತಕದಲ್ಲಿ ಬರೀಲಿ. ಅವರು ಸರಿ ಅಂದ್ರೆ ಐವತ್ತೆರಡೂ ನಿಮ್ಮ ಹತ್ರಾನೇ ತಗೋತೀನಿ.”

ಹೀಗೆ ನನ್ನ ಅಂಗಡಿಯ ಅಳಿವು ಉಳಿವು, ನಾನು ಬೆಲೆಯಿಲ್ಲವೆಂದು ಚೀಟಿ ಅಂಟಿಸಿದ ಹೆಂಗಸಿನ ಪೆನ್ಸಿಲ್ ತುದಿಗೆ ಬಂದು ಕೂತಿತು.

ಬೇಸಿಗೆಯಲ್ಲಿ ತಂತಿ ಬದಲಿಸಿದೆ. ಇಲಿ ಹಲ್ಲು ಮುರಿಯುವಂಥ ಉಕ್ಕಿನ ಜಾಲರಿ ಹಾಕಿದೆ. ನವೆಂಬರಿನಿಂದ ಯಂತ್ರ ಗಡಿಯಾರದ ಹಾಗೆ ನಡೆಯಿತು, ಉತ್ತರ ನಾಲ್ಕು ಸೆಕೆಂಡಿನಲ್ಲಿ. ಬೋರ್ಘಿಲ್ಡ್ ‘ಯಂತ್ರ ಹಾಕಿತ್ತು. ನನಗೆ ಕೆಲಸವಿಲ್ಲ’ ಎಂದು ವಾರವಾರವೂ ಬರೆದಳು. ಡಿಸೆಂಬರ್ ಪೂರ್ತಿ ಹಾಗೇ. ನಾನು ಟೋಪಿಯನ್ನು ಮರೆತೆ.

ಜನವರಿಯ ಎರಡನೇ ಗುರುವಾರ ಅಂಗಡಿಯಲ್ಲಿ ಗಿರಾಕಿಗಳ ಗಲಾಟೆ. ಅದರ ಮಧ್ಯೆ ಮೊಬೈಲ್ ತೆಗೆದೆ. ಬೋರ್ಘಿಲ್ಡ್‌ಳ ಮಾತು ಹತ್ತು ತಿಂಗಳಿಂದ ಕಿವಿಯಲ್ಲಿ ಕೊರೆಯುತ್ತಲೇ ಇತ್ತು. ಹೆಂಡತಿಗೆ, ಗಿರಾಕಿಗೆ, ಬ್ರೆಡ್ಡಿನಂಗಡಿಯವನಿಗೆ ಎಲ್ಲರಿಗೂ ದಯವಿಟ್ಟು ಎನ್ನುವುದು ಅಭ್ಯಾಸವಾಗಿಬಿಟ್ಟಿತ್ತು. ಕೈ ತನ್ನಷ್ಟಕ್ಕೆ ಬರೆಯಿತು: ‘ದಯವಿಟ್ಟು ರಿಲೇ ಒಂದು ಆನ್, ದಯವಿಟ್ಟು ರಿಲೇ ಎರಡು ಆನ್.’ ಕಳಿಸಿ ಮೊಬೈಲ್ ಜೇಬಿಗಿಟ್ಟೆ. ಯಂತ್ರ ನಾಲ್ಕು ಸೆಕೆಂಡಿನಲ್ಲಿ ಉತ್ತರಿಸಿತ್ತು. ನಾನು ನೋಡಿದ್ದು ಮಾರನೆಯ ದಿನ, ಗುಡ್ಡದ ದಾರಿಯಲ್ಲಿ: ‘ಅಪರಿಚಿತ ಆದೇಶ. ತಿರಸ್ಕರಿಸಲಾಗಿದೆ.’

ಪಕ್ಕದಲ್ಲಿ ಟೋರುನ್ ಓದಿ, “ಐವತ್ತೆಂಟು ವರ್ಷಕ್ಕೆ ಮರ್ಯಾದೆ ಕಲಿತೆ, ಅದೂ ಕಬ್ಬಿಣದ ಪೆಟ್ಟಿಗೆ ಹತ್ರ ತೋರಿಸ್ದೆ,” ಎಂದು ಕಿಟಕಿಯ ಕಡೆ ತಿರುಗಿ ನಕ್ಕಳು.

ಮನೆ ತಲುಪಿದಾಗ ಕಿಟಕಿಯಲ್ಲಿ ಬೆಳಕಿತ್ತು. ಒಳಗೆ ಬೆಚ್ಚಗಿತ್ತು. ನಲ್ಲಿ ತಿರುಗಿಸಿದರೆ ನೀರು ಬಂತು. ಪುಸ್ತಕದ ಮುಂಬದಿ ತೆರೆದೆ. ‘ಗುರುವಾರ. ಮೈನಸ್ ಇಪ್ಪತ್ತೇಳು. ಯಂತ್ರ ಹಾಕಿರಲಿಲ್ಲ. ನಾನು ಹಾಕಿದೆ. ಬೋರ್ಘಿಲ್ಡ್.’

ಈ ಸಾಲಿನ ಕೆಳಗೆ ಒಂದು ಸಣ್ಣ ವಿವರಣೆ ಸೇರಿಸು ಎಂದು ಅವಳನ್ನು ಬೇಡಿಕೊಳ್ಳಲು ಹೋದೆ. “ಕಂಡದ್ದು ಬರ್ದಿದೀನಿ,” ಎಂದು ಬಾಗಿಲಲ್ಲೇ ಹೇಳಿ, ಒಳಗೆ ಕರೆದು ಮೀನಿನ ಸಾರು ಕೊಟ್ಟಳು. ಎಂಜಿನಿಯರ್‌ಗೆ ನಾನೇ ಫೋನ್ ಮಾಡಿ ನಡೆದದ್ದನ್ನು ಒಪ್ಪಿಸಿದೆ. ಯಂತ್ರದ್ದು ಏನೂ ತಪ್ಪಿಲ್ಲ, ನಾನು ದಯವಿಟ್ಟು ಎಂದದ್ದೇ ತಪ್ಪು ಎಂದೆ.

ಅವರು ಪುಟ್ಟ ಪುಸ್ತಕದ ಹಾಳೆ ಮಗುಚುವ ಸದ್ದು ಕೇಳಿತು. “ಅದೇ ನನಗೆ ಚಿಂತೆ ಸಿಗ್‌ಮುಂಡ್. ನಮ್ಮ ಪಂಪ್ ನೋಡ್ಕೊಳ್ಳೋರು ಕರಾವಳಿ ಜನ, ಎಲ್ಲಾ ಮರ್ಯಾದಸ್ಥರು. ದಯವಿಟ್ಟು ಅಂತಾನೇ ಬರೀತಾರೆ.”

ನನ್ನ ಪೆಟ್ಟಿಗೆಗಳ ಬದಲು ಅವರು ಈಗ ಐವತ್ತೆರಡು ಪಂಪ್‌ಮನೆಗಳಿಗೂ ಹತ್ತಿರದ ಒಂದೊಂದು ಮನೆಯವರನ್ನು ಗೊತ್ತುಮಾಡಿ, ಕೀಲಿಕೈಯನ್ನೂ ಬರೆಯಲು ಒಂದು ಪುಸ್ತಕವನ್ನೂ ಕೊಟ್ಟಿದ್ದಾರಂತೆ. ಭಾವಮೈದುನನ ಟೋಪಿ ನನ್ನ ತಲೆಗೆ ಸ್ವಲ್ಪ ಬಿಗಿ, ಆದರೆ ಟೈರಿನ ವ್ಯಾಪಾರ ಅಷ್ಟೇನೂ ಕೆಟ್ಟದ್ದಲ್ಲ.

ಐದು ಚಳಿಗಾಲ ನನ್ನ ಮನೆಯ ಕೊಳವೆ ಒಡೆಯದೆ ಉಳಿದದ್ದು ಬೋರ್ಘಿಲ್ಡ್‌ಳಿಂದ. ಮೀನಿನ ಸಾರು ಕುಡಿದು ಬಂದ ದಿನವೂ ಆ ಮಾತನ್ನು ಅವಳಿಗೆ ಹೇಳಲಿಲ್ಲ. ಅವಳಿಗೆ ನಾನೊಂದು ಧನ್ಯವಾದ ಹೇಳುವುದು ಬಾಕಿಯಿದೆ.