ಮೂರು ಸಾವಿರನೆಯ ಇಸವಿಯಿಂದ ಡೊಂಬಿವಲಿಗೆ

ನಮ್ಮ ಕನ್ನಡ ಸಂಘದಲ್ಲಿ ಒಂದು ಕೆಲಸವಾದರೂ ಅಂದುಕೊಂಡ ಹಾಗೆ ನಡೆದದ್ದನ್ನು ನಾನು ಈವರೆಗೆ ಕಂಡಿಲ್ಲ. ಉಡುಪಿ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದು ಆಗಲೇ ನಲವತ್ತು ವರ್ಷವಾಗಿತ್ತು. ಅಷ್ಟೂ ವರ್ಷ ಸಂಘದ ವಾರ್ಷಿಕೋತ್ಸವಕ್ಕೆ ರಂಗೋಲಿ ಹಾಕಿದ್ದೇನೆ, ಹೂ ಕಟ್ಟಿದ್ದೇನೆ, ಪಾಯಸ ಬಡಿಸಿದ್ದೇನೆ. ಮೈಕಿನ ಮುಂದೆ ನಿಂತದ್ದು ಒಂದೇ ಸಲ. ಯಾರೋ ಬಿಟ್ಟುಹೋದ ಕೊಡೆಯ ಯಜಮಾನರನ್ನು ಕರೆಯಲು.

ಹೀಗಿರುವಾಗ ವಾಶಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ ಬೆಂಗಳೂರಿನ ಇಂಜಿನಿಯರ್ ಒಬ್ಬ ಸಂಘಕ್ಕಾಗಿ ಧ್ವನಿನಾಟಕ ಬರೆದ. ಮೂವರು ಕಾಲಯಾತ್ರಿಗಳು ಯಂತ್ರದಲ್ಲಿ ಕೂತು ಮೂರು ಸಾವಿರನೆಯ ಇಸವಿಗೆ ಹೋಗುತ್ತಾರೆ. ಅಲ್ಲಿ ಮೈಯೇ ಇಲ್ಲದ, ಬರೀ ಬೆಳಕಾಗಿರುವ ಶಕ್ತಿಜೀವಿಗಳು ಎದುರಾಗುತ್ತವೆ. ಕೊನೆಯಲ್ಲಿ ಆ ಜೀವಿಗಳ ಮುಖ್ಯಸ್ಥರದು ಒಂದು ಪುಟದ ಮಾತು. ಎಲ್ಲವನ್ನೂ ರೆಕಾರ್ಡ್ ಮಾಡಿ, ವಾರ್ಷಿಕೋತ್ಸವದ ದಿನ ಸಿಡಿ ಹಾಕಿ ಕೇಳಿಸುವುದು.

"ಆಂಟಿ, ಆ ಪುಟ ನೀವೇ ಹೇಳಬೇಕು" ಎಂದ. ಎರಡೇ ದಿನದಲ್ಲಿ ಬಾಯಿಪಾಠ ಮಾಡಿದೆ. ಆ ಒಂದು ಪುಟವನ್ನು ಉಳಿಸಿಕೊಳ್ಳಲು ನಾನು ಪಟ್ಟ ಪಾಡು ಯಾರಿಗೂ ಬೇಡ.

ಭೇದವಿಲ್ಲದವರು

ಮೊದಲ ತಕರಾರು ನಮ್ಮ ಕಾರ್ಯದರ್ಶಿಯದು. ಧಾರವಾಡದ ಕಡೆಯವರು. ನಮ್ಮ ಮನೆಯಲ್ಲಿ ಕೂತೇ ಹೇಳಿದರು.

"ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ಶಕ್ತಿ ಅಂದಮ್ಯಾಲೆ ಗಂಡಸಿನ ದನೀನ ಬೇಕಾಗ್ತದ್ರಿ."

ಇಂಜಿನಿಯರ್ ಅಡ್ಡ ಬಂದ. "ಸರ್, ಶಕ್ತಿಜೀವಿಗಳಲ್ಲಿ ಗಂಡು ಹೆಣ್ಣು ಅನ್ನೋ ಭೇದಾನೇ ಇಲ್ಲ."

"ಭೇದ ಇಲ್ಲಂದ್ರ ಗಂಡಸು ಇದ್ರ ಏನ್ ತ್ರಾಸು?"

ನನಗೆ ಮೈ ಉರಿಯಿತು. ಎದ್ದು ಹೋಗಿ, ನಮ್ಮ ಮೂರನೆಯ ಮಹಡಿಯ ಕಿಟಕಿಯಿಂದ ಬಗ್ಗಿ, ಗಲ್ಲಿಯ ಕೊನೆ ದಾಟುತ್ತಿದ್ದ ತರಕಾರಿಯವನನ್ನು ಒಂದೇ ಸಲ ಕೂಗಿದೆ. ಅವನು ನಿಂತ. ಅವನ ಹಿಂದಿದ್ದ ಹಳೇ ಸಾಮಾನಿನ ಭಂಗಾರಿನವನು ನಿಂತ. ಅವನ ಹಿಂದಿದ್ದ ರಿಕ್ಷಾ ಕೂಡ ನಿಂತಿತು.

ಕಾರ್ಯದರ್ಶಿ ಕಿವಿ ಉಜ್ಜಿಕೊಂಡು, "ಆತು ಬಿಡ್ರಿ, ನೀವ ಇರ್ರಿ" ಎಂದರು. ಮೆಂತ್ಯದ ಸೊಪ್ಪಿನ ಎರಡು ಕಟ್ಟನ್ನು ಅವರಿಂದಲೇ ತರಿಸಿದೆ.

ಹೊಟ್ಟೆಯಿಲ್ಲದವರು

ಸಿಡಿಯ ಖರ್ಚು ಹೊರುತ್ತೇನೆಂದವರು ನೌಪಾಡಾದ ಹೋಟೆಲಿನ ಯಜಮಾನರು. ನಮ್ಮೂರ ಕಡೆಯವರೇ. ಸ್ಕ್ರಿಪ್ಟ್ ಪೂರ್ತಿ ಓದಿಸಿಕೊಂಡು ಕೇಳಿದರು: "ಇದರಲ್ಲಿ ನಮ್ಮ ಹೋಟೆಲ್ ಎಲ್ಲಿ ಬರ್ತದೆ ಮಾರಾಯ?"

ಇಂಜಿನಿಯರ್ ತಬ್ಬಿಬ್ಬಾದ. "ಸರ್, ಇದು ಮೂರು ಸಾವಿರನೇ ಇಸವಿ."

"ಆಗ ನಮ್ಮ ಹೋಟೆಲ್ ಇರುವುದಿಲ್ಲ ಅಂತ ನಿನಗೆ ಹೇಳಿದ್ದು ಯಾರು?"

"ಹಾಗಲ್ಲ ಸರ್. ಶಕ್ತಿಜೀವಿಗಳಿಗೆ ಹೊಟ್ಟೆಯೇ ಇಲ್ಲ."

"ಇಲ್ಲದಿದ್ದರೆ ಏನಾಯಿತು? ನಮ್ಮಲ್ಲಿ ದಿನಾ ಬರ್ತಾರೆ ಅಂಥವರು. ಒಂದು ಚಾ ಹೇಳಿ ಎರಡು ಗಂಟೆ ಕೂತುಕೊಳ್ತಾರೆ."

ಕಾಲಯಾತ್ರಿಗಳು ಬೆಳಕಿನ ಲೋಕದಲ್ಲಿ ಅವರ ಹೋಟೆಲಿನ ಗೋಳಿಬಜೆ ತಿನ್ನುವ ದೃಶ್ಯ ಸೇರಿತು. ಜಾಗ ಬೇಕಲ್ಲ? ನನ್ನ ಪುಟದಿಂದ ಎಂಟು ಸಾಲು ಹೋಯಿತು. ಯಾತ್ರಿಗಳ ಯಂತ್ರದ ವರ್ಣನೆಯೇ ಎರಡು ಪುಟವಿತ್ತು, ಅದಕ್ಕೆ ಯಾರೂ ಕೈ ಹಚ್ಚಲಿಲ್ಲ. ನನ್ನ ಪಾತ್ರಕ್ಕೆ ಹೊಟ್ಟೆಯಿಲ್ಲದಿರಬಹುದು, ನನಗಿತ್ತು. ಅದು ಉರಿಯಿತು.

ಚಟ್ನಿಯ ಯಂತ್ರ

ರೆಕಾರ್ಡಿಂಗ್ ನಮ್ಮ ಮನೆಯಲ್ಲೇ. ಮೇ ತಿಂಗಳು. ಕಿಟಕಿಗಳೆಲ್ಲ ಬಂದ್, ಫ್ಯಾನೂ ಬಂದ್. ಕಟ್ಟಡದ ಹಿಂದೆಯೇ ರೈಲು ಹಳಿ. ಎರಡು ಲೋಕಲ್‌ಗಳ ನಡುವಿನ ಬಿಡುವಿನಲ್ಲಿ ಮಾತು ಮುಗಿಸಬೇಕು. "ನಮಗೆ ಆದಿಯಿಲ್ಲ, ಅಂತ್ಯವಿಲ್ಲ" ಎನ್ನುವಷ್ಟರಲ್ಲಿ ಕಲ್ಯಾಣದ ಫಾಸ್ಟ್ ಲೋಕಲ್ ಬರುತ್ತಿತ್ತು. ಮತ್ತೆ ಮೊದಲಿಂದ.

"ಆಂಟಿ, ಇನ್ನೂ ಎರಡು ಸಾಲು ತೆಗೆದರೆ ಬಿಡುವಿಗೆ ಸರಿಹೋಗುತ್ತೆ" ಎಂದ ಇಂಜಿನಿಯರ್.

"ರೈಲು ತೆಗೆಸು" ಎಂದೆ.

ಎರಡಲ್ಲ, ನಾಲ್ಕು ಸಾಲು ತೆಗೆದ.

ಕಾಲಯಂತ್ರದ ಸದ್ದಿಗೆ ನನ್ನ ಮಿಕ್ಸಿ. ಖಾಲಿ ಓಡಿಸಿದರೆ ಗಂಭೀರವಾಗಿರುವುದಿಲ್ಲವೆಂದು ಹಿಡಿ ಕಡಲೆಬೇಳೆ ಹಾಕಿ, ಯಂತ್ರ ಹೊರಟಾಗಲೊಮ್ಮೆ, ನಿಂತಾಗಲೊಮ್ಮೆ, ದಾರಿ ತಪ್ಪಿದಾಗಲೊಮ್ಮೆ, ಮಧ್ಯಾಹ್ನವಿಡೀ ತಿರುಗಿಸಿದೆವು. ಸಂಜೆ ಕೆಳಗಿನ ಮನೆಯ ಮರಾಠಿ ಹೆಂಗಸು ಬಂದರು, ಮುಖ ದಪ್ಪ ಮಾಡಿಕೊಂಡು. ಗಲಾಟೆಗೆ ಬೈಯಲು ಬಂದರೇನೋ ಎಂದು ಕ್ಷಮೆ ಕೇಳಿದೆ.

"ಗಲಾಟೆ ಹಾಳಾಗಲಿ ಕಾಕು" ಎಂದರು ಮರಾಠಿಯಲ್ಲಿ. "ಮಧ್ಯಾಹ್ನದಿಂದ ಇಷ್ಟು ಚಟ್ನಿ ರುಬ್ಬಿದ್ದೀರಿ. ಕೆಳಗಿನವರಿಗೆ ಒಂದು ಬಟ್ಟಲು ಕೊಡಬೇಕು ಅಂತ ಅನಿಸಲಿಲ್ಲವೇ?"

ಕಾಲಯಂತ್ರಕ್ಕೆ ತೆಂಗಿನಕಾಯಿ ಹಾಕಿ ಮತ್ತೊಮ್ಮೆ ತಿರುಗಿಸಿದೆ.

ಪ್ರಶ್ನೆಗಳಿದ್ದರೆ ಕೇಳಬಹುದು

ವಾರ್ಷಿಕೋತ್ಸವ ಬೆಳಿಗ್ಗೆ ಹತ್ತಕ್ಕೆ. ಧ್ವನಿನಾಟಕಕ್ಕೆ ಕತ್ತಲೆ ಇದ್ದರೆ ಚೆಂದವೆಂದು ಸಂಘದ ಹಾಲ್‌ನ ಪರದೆಗಳನ್ನೆಲ್ಲ ಎಳೆದಿದ್ದರು. ಖಾಲಿ ವೇದಿಕೆಯ ಮೇಲೆ ಎರಡು ಸ್ಪೀಕರ್ ಪೆಟ್ಟಿಗೆ. ಜನ ಆಶ್ಚರ್ಯವಾಗುವಷ್ಟು ಸುಮ್ಮನೆ ಕೇಳಿದರು. ಗೋಳಿಬಜೆ ಬಂದಾಗ ಚಪ್ಪಾಳೆ ಕೂಡ ಬಿತ್ತು. ಕೊನೆಗೆ ಶಕ್ತಿಜೀವಿಗಳು ಇಳಿದು ಬಂದವು. ನನ್ನ ದನಿ "ಮನುಷ್ಯರೇ" ಎಂದಿತು.

ಲೋಡ್‌ಶೆಡ್ಡಿಂಗ್.

ಆ ವರ್ಷಗಳಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಗಂಟೆಗಟ್ಟಲೆ ಇಲ್ಲ. ಕಾರ್ಯದರ್ಶಿ ಕತ್ತಲಲ್ಲೇ ಕೂಗಿದರು: "ನಾಟಕ ಮುಗದಂಗ ತಿಳ್ಕೋರಿ! ಎಲ್ಲಾರೂ ಊಟಕ್ಕ ಏಳ್ರಿ!"

ಕುರ್ಚಿಗಳು ಕಿರ್ರೆಂದವು. ನಲವತ್ತು ವರ್ಷ ಪಾಯಸ ಬಡಿಸಿದ್ದಕ್ಕೆ ನನಗೆ ಸಿಕ್ಕಿದ್ದು ಒಂದು ಪುಟ. ಅದರಲ್ಲಿ ಹನ್ನೆರಡು ಸಾಲು ಇವರೇ ತಿಂದರು. ಉಳಿದದ್ದನ್ನೂ ಪಾಯಸಕ್ಕಾಗಿ ಬಿಟ್ಟುಕೊಡಬೇಕೇ? ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ, ವೇದಿಕೆಯ ನಡುವೆ ನಿಂತೆ.

"ಕೂತುಕೊಳ್ಳಿ!"

ಎದ್ದವರೆಲ್ಲ ಕೂತರು.

ಇಡೀ ಪುಟ ಹೇಳಿದೆ. ಕತ್ತರಿಸಿದ ಹನ್ನೆರಡು ಸಾಲನ್ನೂ ಬಿಡದೆ. ಆದಿ ಅಂತ್ಯ ಎರಡೂ ರೈಲಿನ ಕಾಟವಿಲ್ಲದೆ ಬಂದವು.

ಮುಗಿದಾಗ ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಲಿ ಕಳಚಿದ ಸದ್ದು. ಪರದೆಯ ಸಂದಿನ ಬೆಳಕಿನಲ್ಲಿ ನೋಡಿದರೆ, ನಮ್ಮ ಕರಾವಳಿಯ ಹಿರಿಯರೊಬ್ಬರು ಎದ್ದು ನಿಂತಿದ್ದರು. ನಮ್ಮೂರಲ್ಲಿ ಕೋಲದ ದಿನ ದೈವ ನುಡಿ ಕೊಟ್ಟ ಮೇಲೆ ಜನ ಕೈಮುಗಿದು ತಮ್ಮ ಕಷ್ಟ ಹೇಳಿಕೊಳ್ಳುವ ಪದ್ಧತಿ. ಅದೇ ವಿನಯದಿಂದ ಅವರು ಕತ್ತಲೆಗೆ ಕೈಮುಗಿದು ಕೇಳಿದರು:

"ಸ್ವಾಮೀ, ನಮ್ಮ ಸೊಸೈಟಿಯ ಲಿಫ್ಟ್ ಯಾವಾಗ ರಿಪೇರಿಯಾಗುತ್ತದೆ? ನಾನು ಐದನೇ ಮಾಳಿಗೆ."

ಅದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಆದರೆ ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನಾವು ಬಂದಿರುವುದು ಮೂರು ಸಾವಿರನೆಯ ಇಸವಿಯಿಂದ" ಎಂದೆ. "ಬರುವಾಗ ನಿಮ್ಮ ಕಟ್ಟಡ ನೋಡಿಕೊಂಡೇ ಬಂದೆವು. ಜನ ಇನ್ನೂ ಮೆಟ್ಟಿಲು ಹತ್ತುತ್ತಿದ್ದರು."

ಹಾಲ್ ಬಿರಿಯುವ ಹಾಗೆ ನಗು. ಅದು ನಿಲ್ಲುವ ಮೊದಲೇ ಇನ್ನೊಬ್ಬರು ನೀರಿನ ವಿಷಯ ಕೇಳಿದರು, ಮತ್ತೊಬ್ಬರು ಮಗನ ಮದುವೆಯ ವಿಷಯ. ಊಟಕ್ಕೆ ಯಾರೂ ಏಳಲಿಲ್ಲ. ಅಷ್ಟರಲ್ಲಿ, ಅಪರೂಪಕ್ಕೆ ಬೇಗ, ಕರೆಂಟ್ ಬಂತು. ಇಂಜಿನಿಯರ್ ಓಡಿಹೋಗಿ ಸಿಡಿ ಹಾಕಿದ. ಪೆಟ್ಟಿಗೆಯೊಳಗಿಂದ ನನ್ನದೇ ದನಿ "ಮನುಷ್ಯರೇ" ಎಂದು ಶುರುಮಾಡಿತು.

"ಏ, ಆ ಡಬ್ಬಿ ಬಂದ್ ಮಾಡೋ!" ಎಂದು ಗದರಿದವರು ಕಾರ್ಯದರ್ಶಿ. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು: "ಅಕ್ಕಾರ, ಮುಂದಿನ ವರ್ಷಾನೂ ಕಾರ್ಯದರ್ಶಿ ನಾನ ಏನ್ರಿ?"