ಸದ್ದಿಲ್ಲದ ಮಿಕ್ಸಿ ಮಾಡಲು ಹೊರಟು

ಜನರ ಮನಸ್ಸು ತಿಳಿದು ಬರುತ್ತೇವೆಂದು ಹೊರಟವರು ತಮ್ಮ ಮರ್ಯಾದೆ ಎಷ್ಟೆಂದು ತಿಳಿದು ಬರುವುದು ನಮ್ಮ ಕಸುಬಿನಲ್ಲಿ ಮಾಮೂಲು. ನಾನು ಜೆ.ಪಿ. ನಗರದ ಮಿಕ್ಸಿ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದವಳು. ಡಿಸೈನ್ ಥಿಂಕಿಂಗ್ ಅನ್ನುವ ಮಾತು ಆಗಷ್ಟೇ ಊರಿಗೆ ಕಾಲಿಟ್ಟಿತ್ತು. ಅಂದರೆ, ಸಾಮಾನು ಮಾಡುವ ಮೊದಲು ಅದನ್ನು ಬಳಸುವವರ ಕಷ್ಟ ತಿಳಿಯಬೇಕು. ನಮ್ಮ ಮ್ಯಾನೇಜರು ಎರಡು ದಿನದ ತರಬೇತಿ ಮುಗಿಸಿ, ಬಣ್ಣಬಣ್ಣದ ಅಂಟುಚೀಟಿಗಳ ಕಟ್ಟು ಹಿಡಿದು ಬಂದರು. ಕಂಪನಿಯ ಯಜಮಾನರು ನಮ್ಮಿಬ್ಬರಿಗೂ ಒಂದು ಕೋಣೆ ಕೊಟ್ಟು, "ಹೊಸ ಮಿಕ್ಸಿ ಮಾಡಿ. ಆಗ್ಲಿಲ್ಲ ಅಂದ್ರೆ ಇಬ್ರೂ ವಾಪಸ್ ಸರ್ವಿಸ್ ಕೌಂಟರ್‌ಗೆ" ಅಂದರು.

ಸರ್ವಿಸ್ ಕೌಂಟರ್ ಎಂದರೆ ಕೆಟ್ಟ ಮಿಕ್ಸಿ ಹೊತ್ತು ತಂದವರು ಮನಸಾರೆ ಬೈಯುವ ಜಾಗ. ನಾನು ಅಲ್ಲಿ ಬೇಕಾದಷ್ಟು ಬೈಸಿಕೊಂಡಿದ್ದೆ. ಮತ್ತೆ ಅಲ್ಲಿಗೆ ಹೋಗುವುದನ್ನು ನೆನೆದರೇ ಜ್ವರ ಬರುತ್ತಿತ್ತು.

ಉಪ್ಪಿಟ್ಟಿನ ಸಂಶೋಧನೆ

ಮೊದಲು ಜಯನಗರದ ಮನೆಗಳಿಗೆ ಹೋದೆವು. "ನಮ್ಮ ಮಿಕ್ಸಿಯಿಂದ ಏನು ತೊಂದರೆ ಮೇಡಂ?" ಎಂದು ಮ್ಯಾನೇಜರು ಕೇಳುವರು. ಮನೆಗೆ ಬಂದವರ ಮುಂದೆ ಅವರದೇ ಸಾಮಾನನ್ನು ಆಡಿಕೊಳ್ಳುವುದುಂಟೇ?

"ಏನೂ ಇಲ್ಲ ಸಾರ್, ತುಂಬಾ ಚೆನ್ನಾಗಿದೆ. ಉಪ್ಪಿಟ್ಟು ತಗೊಳ್ಳಿ."

ಹೋದಲ್ಲೆಲ್ಲ ಅದೇ ಉತ್ತರ, ಅದೇ ಉಪ್ಪಿಟ್ಟು. ಒಬ್ಬರ ಮಿಕ್ಸಿಗೆ ಮುಚ್ಚಳವೇ ಇರಲಿಲ್ಲ, ತಟ್ಟೆ ಮುಚ್ಚಿ ರುಬ್ಬುತ್ತಿದ್ದರು. ಅವರೂ ಚೆನ್ನಾಗಿದೆ ಅಂದರು. ಆಫೀಸಿಗೆ ಮರಳಿದ ಮ್ಯಾನೇಜರು ತುಂಬಾ ಹೊತ್ತು ಯೋಚಿಸಿ ಗೋಡೆಗೆ ಒಂದೇ ಒಂದು ಚೀಟಿ ಅಂಟಿಸಿದರು: "ಜನ ಒಳ್ಳೆಯವರು."

ನಾವು ಇಲ್ಲ ಅಂದುಕೊಳ್ಳಿ

"ಕೇಳೋದು ಕಲಿಯೋರ ಪದ್ಧತಿ. ಪಳಗಿದೋರು ಸುಮ್ನೆ ನೋಡ್ತಾರೆ" ಎಂದರು ಮ್ಯಾನೇಜರು. ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿ ಕಡೆಯವರ ಮನೆಗೆ ಹೋದೆವು. ಒಬ್ಬರು ತಿರುಗಿದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು, ಅಂಥ ಅಡುಗೆಮನೆ. ಅದರ ಬಾಗಿಲಲ್ಲಿ ನಿಂತು ಮ್ಯಾನೇಜರು, "ನಾವು ಇಲ್ಲಿ ಇಲ್ವೇ ಇಲ್ಲ ಅಂದ್ಕೊಂಡು ಅಡುಗೆ ಮಾಡಿ ಅಮ್ಮ" ಅಂದರು.

ಆ ಮನೆಯ ಅತ್ತೆ ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇಷ್ಟು ದೊಡ್ಡ ಗಂಡಸು ಬಾಗಲಾ ತುಂಬ್ಕೊಂಡು ನಿಂತೀರಿ, ಇಲ್ಲ ಅಂತ ಹೆಂಗ ಅನ್ಕೊಳ್ಳೂದ್ರಿ? ಸುಮ್ನ ನಿಲ್ಲೂ ಬದ್ಲಿ ಬಳ್ಳೊಳ್ಳಿ ಸುಲೀರಿ."

ಮ್ಯಾನೇಜರು ಕೂತು ಬೆಳ್ಳುಳ್ಳಿ ಸುಲಿದರು. ಅಷ್ಟರಲ್ಲಿ ಸೊಸೆ ಮಿಕ್ಸಿ ಹಾಕಿದಳು. ಅತ್ತೆ ಏನೋ ಕೂಗಿದರು. "ಏನ್ರಿ ಅತ್ತಿ? ಮಿಕ್ಸರ್ ಸಪ್ಪಳದಾಗ ಕೇಳವಲ್ದು!" ಅಂದಳು ಸೊಸೆ. ಮ್ಯಾನೇಜರ ಮುಖ ಅರಳಿತು. ಸಿಕ್ಕಿತಲ್ಲ, ಜನರ ಕಷ್ಟ! ಮಿಕ್ಸಿಯ ಸದ್ದು! ಅದೇ ಖುಷಿಯಲ್ಲಿ ಮನೆಗೆ ಹೋದರಂತೆ. ಅವರ ಕೈಯ ವಾಸನೆ ಹಿಡಿದ ಹೆಂಡತಿ ಅಂದಿನಿಂದ ಮನೆಯ ಬೆಳ್ಳುಳ್ಳಿಯನ್ನೂ ಅವರಿಗೇ ಒಪ್ಪಿಸಿದರು.

ಆಷಾಢ

ಹೆಣಗಾಡಿ ಸದ್ದಿಲ್ಲದ ಮಿಕ್ಸಿ ಮಾಡಿದೆವು. ಕತ್ರಿಗುಪ್ಪೆಯ ಕೆಲವು ಮನೆಗಳಿಗೆ ಒಂದೊಂದು ಕೊಟ್ಟು, ಬಳಸಿ ನೋಡಿ ಅಂದೆವು. ಮೂರು ವಾರ ಬಿಟ್ಟು ಹೋದರೆ ಮೊದಲ ಮನೆಯವರು ಡಬ್ಬ ಒಡೆದೇ ಇಲ್ಲ. ಮೇಲೆ ಅರಿಶಿನ ಕುಂಕುಮ ಮಾತ್ರ ಇಟ್ಟಿದ್ದರು.

"ಆಷಾಢದಲ್ಲಿ ಹೊಸದು ಶುರು ಮಾಡ್ತಾರಾ ಸಾರ್? ಶ್ರಾವಣ ಬರ್ಲಿ."

ಉಳಿದ ಮನೆಗಳಲ್ಲೂ ಇದೇ ಕಥೆ. ಪಾಪ, ಎರಡು ದಿನದ ತರಬೇತಿಯಲ್ಲಿ ಪಂಚಾಂಗದ ಪಾಠ ಇರಲಿಲ್ಲ. "ಎಂಥಾ ಮೂಢನಂಬಿಕೆ!" ಎಂದು ಮ್ಯಾನೇಜರು ದಾರಿಯುದ್ದಕ್ಕೂ ರೇಗಿದರು. "ಹಾಗಾದ್ರೆ ಯಜಮಾನರಿಗೆ ಇವತ್ತೇ ತೋರಿಸಿಬಿಡೋಣ ಸಾರ್" ಅಂದೆ.

"ಇವತ್ತಾ? ಬೇಡಮ್ಮ, ಅಮಾವಾಸ್ಯೆ."

ಯಜಮಾನರ ಮನೆಯ ಪರೀಕ್ಷೆ

ಶ್ರಾವಣದಲ್ಲಿ ಯಜಮಾನರು ಬನಶಂಕರಿಯ ತಮ್ಮ ಮನೆಗೇ ಕರೆದರು. "ನಮ್ಮನೆಯವಳು ಒಪ್ಪಿದ್ರೆ ಸರಿ. ಇಲ್ದಿದ್ರೆ ನಾಳೆಯಿಂದ ಕೌಂಟರ್." ಗಂಡಸರಿಬ್ಬರೂ ಹಾಲ್‌ನಲ್ಲಿ ಕೂತರು. ನಾನು ಯಜಮಾನರ ಹೆಂಡತಿ ಅಮ್ಮಾವರ ಹಿಂದೆ ಅಡುಗೆಮನೆಗೆ ಹೋದೆ.

ಅಮ್ಮಾವರು ಚಟ್ನಿಗೆ ಹಾಕಿ ಸ್ವಿಚ್ ಒತ್ತಿದರು. ಸದ್ದೇ ಇಲ್ಲ! ನನಗೆ ಹೆಮ್ಮೆಯೋ ಹೆಮ್ಮೆ. ಹಾಲ್‌ನಿಂದ ಯಜಮಾನರ ದನಿ ಬಂತು: "ಕಾಫಿ ಆಯ್ತೇನೆ?"

"ತಂದೆ ರೀ."

"ನನ್ನ ಕನ್ನಡಕ ಎಲ್ಲೇ?"

"ಟೀವಿ ಮೇಲೆ."

"ಟೀವಿ ಮೇಲೆ ಎಲ್ಲಿ?"

ಅಮ್ಮಾವರು ಮಿಕ್ಸಿ ಆರಿಸಿ ನನ್ನ ಕಡೆ ತಿರುಗಿದರು. "ನೋಡಮ್ಮ, ಅವರು ಕೂಗಿದ್ದು ಕೇಳಿಸ್ಲಿಲ್ಲ ಅನ್ನೋಕೆ ನನಗಿರೋದು ಆ ಹಳೇ ಮಿಕ್ಸಿ ಒಂದೇ. ಅದನ್ನೂ ಕಿತ್ಕೊಳ್ತೀಯಾ?"

ನನಗೆ ಅಳುವೇ ಬಂತು. "ನೀವು ಹೇಳೋದು ನಿಜ ಅಮ್ಮ. ಆದ್ರೆ ನೀವು ಬೇಡ ಅಂದ್ರೆ ನನ್ನನ್ನ ಕೌಂಟರಿಗೆ ಹಾಕ್ತಾರೆ" ಅಂದೆ.

ಅಮ್ಮಾವರು ಸೆರಗು ಸಿಕ್ಕಿಸಿ ಹಾಲ್‌ಗೆ ನಡೆದರು. "ರೀ, ಮಿಕ್ಸಿ ಚೆನ್ನಾಗಿ ರುಬ್ಬುತ್ತೆ. ಸದ್ದು ಮಾತ್ರ ಸಾಲ್ದು. ಜೋರಾಗಿ ಸದ್ದು ಬರೋ ಹಾಗೆ ಮಾಡೋಕೆ ಇವರಿಬ್ರಿಗೂ ಇನ್ನೊಂದು ವರ್ಷ ಕೊಡಿ."

ಯಜಮಾನರು ಎದ್ದೇ ನಿಂತರು. "ಸದ್ದು ಬರಿಸೋಕೆ ಒಂದು ವರ್ಷಾನಾ? ಇವರನ್ನ ನಾಳೆಯಿಂದಲೇ..."

ಅಮ್ಮಾವರು ಸರಸರನೆ ಒಳಗೆ ಹೋಗಿ ಹಳೇ ಮಿಕ್ಸಿ ಹಾಕಿದರು. ಜಾರು ಖಾಲಿ ಎಂದು ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಯಜಮಾನರು ಕೈ ಬೀಸಿ ಬೀಸಿ ಬಹಳ ಹೊತ್ತು ಮಾತಾಡಿದರು. ನಮಗೆ ಒಂದಕ್ಷರವೂ ಕೇಳಿಸಲಿಲ್ಲವಾದ್ದರಿಂದ, ಮರುದಿನ ಇಬ್ಬರೂ ಎಂದಿನಂತೆ ನಮ್ಮ ಕೋಣೆಗೇ ಹೋಗಿ ಕೂತೆವು.