ನಿದ್ದಿ ಹತ್ತಿತೇನೋ, ತಮ್ಮಾ?

ಜಡ್ಡಿನವರು ನಿದ್ದೆ ಮಾಡಿದರೆ ನಮ್ಮ ಸೋದರತ್ತೆಗೆ ಸಹಿಸಲಾಗುತ್ತಿರಲಿಲ್ಲ. ಗಟ್ಟಿಮುಟ್ಟಾದವರು ಹಗಲೆಲ್ಲ ಗೊರಕೆ ಹೊಡೆದರೂ ಆಕೆಯ ತಕರಾರಿಲ್ಲ, ತಾನೇ ಚಾದರ ತಂದು ಹೊದಿಸುವಳು. ಆದರೆ ಡಾಕ್ಟರು ‘ವಿಶ್ರಾಂತಿ ಬೇಕು’ ಎಂದು ಹೇಳಿ ಕಳಿಸಿದ ಬಡಪಾಯಿ ಕಣ್ಣು ಮುಚ್ಚಿದನೋ, ಮುಗಿಯಿತು ಅವನ ಕಥೆ! ಅಲುಗಾಡಿಸಿ, ಎಬ್ಬಿಸಿ, ಕೇಳುವಳು: “ನಿದ್ದಿ ಹತ್ತಿತೇನು?”

ಈ ಪ್ರಶ್ನೆಗೆ ಯಾರು ಏನು ಉತ್ತರ ಕೊಡಬೇಕು? ಹತ್ತಿತ್ತು ಎನ್ನಬೇಕೋ, ಹತ್ತಿಲ್ಲ ಎನ್ನಬೇಕೋ?

ನಾನು ಆಕೆಯ ಕೈಗೆ ಸಿಕ್ಕಿದ್ದು ತೊಂಬತ್ತರ ದಶಕದಲ್ಲಿ, ಸವದತ್ತಿಯ ಹೈಸ್ಕೂಲೊಂದಕ್ಕೆ ಹೊಸದಾಗಿ ಮಾಸ್ತರನಾಗಿ ಸೇರಿದ ವರ್ಷ. ಟೈಫಾಯ್ಡ್ ಆಗಿ ಬೈಲಹೊಂಗಲದ ನಮ್ಮ ಮನೆಗೆ ಬಂದು ಬಿದ್ದೆ. ಜ್ವರ ಇದ್ದಷ್ಟು ದಿನ ಪರವಾಗಿರಲಿಲ್ಲ, ಜ್ಞಾನವೇ ಇರಲಿಲ್ಲ. ಜ್ವರ ಇಳಿದ ಮೇಲೆ ಶುರುವಾಯಿತು ನೋಡಿ ನಿಜವಾದ ಕಾಯಿಲೆ, ಬೇಸರ! ಜ್ವರಕ್ಕಾದರೆ ಗುಳಿಗೆ ಇತ್ತು. ಓದಿದರೆ ತಲೆ ಸುತ್ತುತ್ತಿತ್ತು. ಟಿವಿ ಹಚ್ಚಿದರೆ ಕ್ರಿಕೆಟ್ ಆಟ ರಂಗೇರುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ನನ್ನ ರಾಶಿಯ ಭವಿಷ್ಯ ಬಾಯಿಪಾಠವಾಯಿತು. ಆ ತಿಂಗಳು ನನಗೆ ಪ್ರವಾಸಯೋಗವಿತ್ತು. ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ ಪ್ರವಾಸ ನಡೆದೇ ಇತ್ತು.

ಊಟವೋ, ಗಂಜಿ. ಅಡಿಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿತ್ತು, ಕೆಂಪು ಚಟ್ನಿಯ ಘಾಟು ಮೂಗಿಗೆ ಬರುತ್ತಿತ್ತು. ನನ್ನ ಪಾಲಿಗೆ ರೊಟ್ಟಿ ಎಂದರೆ ಬರೀ ಸದ್ದು, ಚಟ್ನಿ ಎಂದರೆ ಬರೀ ಸೀನು.

ಒಲೆಗೂ ನನ್ನ ಮಂಚಕ್ಕೂ ಓಡಾಡಿ ಅವ್ವ ಸೋತಳು. ಅಪ್ಪ ರಾಮದುರ್ಗದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಟಕೋಳಕ್ಕೆ ಸುದ್ದಿ ಕೊಟ್ಟ. ಮರುದಿನವೇ ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತಿ, ಚೀಲ ಹೊತ್ತು ಬಂದಿಳಿದಳು. ನನ್ನ ಮಂಚದ ಕಾಲಿಗೆ ತಾಗಿಸಿ ಚಾಪೆ ಹಾಸಿದಳು. ಅಂದಿನಿಂದ ನನ್ನ ನಿದ್ದೆ ನನ್ನ ಕೈಯಲ್ಲಿರಲಿಲ್ಲ.

ಕಣ್ಣು ಎಳೆಯುತ್ತಿದ್ದಂತೆ ಕೈ ಭುಜದ ಮೇಲೆ ಬೀಳುತ್ತಿತ್ತು. “ನಿದ್ದಿ ಹತ್ತಿತೇನೋ, ತಮ್ಮಾ?” ನಾನು ಹೂಂ ಎಂದರೆ, “ಹಂಗಾರ ಮಲಕೋ” ಎಂದು ಉದಾರವಾಗಿ ಅಪ್ಪಣೆ ಕೊಡುತ್ತಿದ್ದಳು. ಎರಡನೆಯ ಸಲಕ್ಕೆ ಆಕೆಗೇ ನಾಚಿಕೆಯಾಗಿ ಏನಾದರೂ ನೆಪ ಹುಡುಕುತ್ತಿದ್ದಳು. ನಿಮ್ಮ ಸಾಲಿಯಲ್ಲಿ ಗಂಟೆ ಬಾರಿಸುವವನು ಯಾರು? ಈ ಗಡಿಯಾರ ಮುಂದಿದೆಯೋ ಹಿಂದಿದೆಯೋ? ಸವದತ್ತಿಯಲ್ಲಿ ಬದನೆಕಾಯಿ ಎಳೆಯವು ಸಿಗುತ್ತವೆಯೋ? ಪುಸ್ತಕ ಮುಖದ ಮೇಲೆ ಇಟ್ಟುಕೊಂಡು ಓದುತ್ತಿರುವಂತೆ ನಟಿಸಿದೆ. ಪುಸ್ತಕ ಎತ್ತಿ ನೋಡಿದಳು. ಗೋಡೆಯ ಕಡೆ ಹೊರಳಿದೆ. ಮಂಚ ಸುತ್ತಿ ಬರಲು ಸಂದಿಯಿಲ್ಲದ್ದರಿಂದ ನನ್ನ ಮೇಲೆಯೇ ಬಗ್ಗಿ ಇಣುಕಿದಳು.

ಅದೇ ಸುಮಾರಿಗೆ ನಮ್ಮ ಓಣಿಯ ಅರಿವೆ ಅಂಗಡಿಯ ಸಾಹುಕಾರರು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದರು. ಅತ್ತಿ ಬಿಟ್ಟಾಳೆಯೇ? ಹೋಗಿ ಎಬ್ಬಿಸಿ ಬಂದಳು. ಮರುದಿನ ಸಾಹುಕಾರರ ಹೆಂಡತಿ ಮರ್ಯಾದೆಯಿಂದ ಬಾಗಿಲು ಹಾಕಿಕೊಂಡರು. ಅತ್ತಿ ಕಿಟಕಿಯಿಂದ ಕೂಗಿ ಎಬ್ಬಿಸಿದಳು. ಸಂಜೆ ಸಾಹುಕಾರರು ಹೊಲಿಗೆಯ ಮೇಲೆ ಕೈ ಇಟ್ಟುಕೊಂಡೇ ನಮ್ಮ ಕಟ್ಟೆಯವರೆಗೆ ನಡೆದು ಬಂದರು.

“ಒಂದು ನಿಮ್ಮ ಅಕ್ಕಾರನ್ನ ಊರಿಗಿ ಕಳಸ್ರಿ, ಇಲ್ಲಾ ನನ್ನ ತಿರುಗಿ ದವಾಖಾನಿಗಿ ಕಳಸ್ರಿ,” ಎಂದರು ಅಪ್ಪನಿಗೆ.

ಅಪ್ಪ ನಗಲಿಲ್ಲ. ಇನ್ನು ಹಾಗಾಗದಂತೆ ನೋಡಿಕೊಳ್ಳುತ್ತೇನೆಂದು ಕೈ ಮುಗಿದ. ಅಕ್ಕನಿಗೆ ಮಾತ್ರ ಒಂದು ಮಾತೂ ಹೇಳಲಿಲ್ಲ. ನನಗೆ ಅದು ವಿಚಿತ್ರವೆನಿಸಿತು.

ಡಾಕ್ಟರು ಮೆತ್ತನೆಯ ಅನ್ನಕ್ಕೆ ಪರವಾನಗಿ ಕೊಟ್ಟ ದಿನ ಹೊಟ್ಟೆ ತುಂಬ ಉಂಡು ಮಲಗಿದೆ. ಎಷ್ಟೋ ದಿನಗಳ ಬಾಕಿ ನಿದ್ದೆ ಒಮ್ಮೆಲೇ ಬಂದು ಕವಿಯಿತು. ಅತ್ತಿ ಕರೆದಳಂತೆ, ಕೇಳಿಸಲಿಲ್ಲ. ಅಲುಗಾಡಿಸಿದಳಂತೆ, ಗೊತ್ತಾಗಲಿಲ್ಲ. ಮುಖದ ಮೇಲೆ ತಣ್ಣೀರು ಬಿದ್ದಾಗ ಕಣ್ಣು ಬಿಟ್ಟೆ. ಕೋಣೆಯ ತುಂಬ ಓಣಿಯ ಜನ. ಎಲ್ಲರಿಗಿಂತ ಮುಂದೆ, ನನ್ನ ಮುಖದ ಮೇಲೆಯೇ, ಮೈಯೆಲ್ಲ ಬೆಳ್ಳಗಾದ ಒಬ್ಬ ಆಸಾಮಿ! ಯಮದೂತರು ಕಪ್ಪಗಿರುತ್ತಾರೆಂದು ಕೇಳಿದ್ದೆ, ಇವನ್ಯಾರು? ನಮ್ಮ ಹಿಟ್ಟಿನ ಗಿರಣಿಯವನು. ಅತ್ತಿ ಚೀರಿದ್ದು ಕೇಳಿ, ಗಿರಣಿ ಬಂದ್ ಮಾಡಿ ಹಾಗೆಯೇ ಓಡಿ ಬಂದಿದ್ದ.

“ಏನಾತ್ರಿ?” ಎಂದೆ ಎದ್ದು ಕೂತು.

ಎಲ್ಲರೂ ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ. ಅವ್ವ ಎಲ್ಲರಿಗೂ ಚಹಾ ಮಾಡಿದಳು. ಜನ ಚಹಾ ಕುಡಿದು, ಮತ್ತೆ ನಕ್ಕು, ಹೋದರು. ಆಗ ನೋಡಿದೆ. ಅತ್ತಿ ಗೋಡೆಗೆ ಒರಗಿ ಕೂತಿದ್ದಳು. ನೀರು ಸುರಿದ ಖಾಲಿ ಚರಿಗೆ ಇನ್ನೂ ಕೈಯಲ್ಲಿತ್ತು. ಚರಿಗೆಯ ತಳ ನೆಲದ ಫರಸಿಗೆ ತಾಗಿ ತಾಗಿ ಸಣ್ಣಗೆ ಸದ್ದು ಮಾಡುತ್ತಿತ್ತು.

ಮಂಚದಿಂದ ಇಳಿದು ಆಕೆಯ ಪಕ್ಕ ಕೂತು ಚರಿಗೆ ಬಿಡಿಸಿಕೊಂಡೆ. ಅತ್ತಿ, ನನ್ನ ಕಡೆ ನೋಡದೆ, ಮಾವನ, ಅಂದರೆ ತನ್ನ ಗಂಡನ, ಸುದ್ದಿ ತೆಗೆದಳು. ಮಾವ ಹೋದಾಗ ನಾನು ತೊಟ್ಟಿಲ ಕೂಸು. ಅವರು ಜ್ವರ ಬಂದು ತೀರಿಕೊಂಡರೆಂದು ಮಾತ್ರ ಗೊತ್ತಿತ್ತು. ಮನೆಯಲ್ಲಿ ಅದಕ್ಕಿಂತ ಹೆಚ್ಚು ಯಾರೂ ಆಡುತ್ತಿರಲಿಲ್ಲ.

ಆ ಜ್ವರದಲ್ಲಿ ಮಾವನಿಗೆ ನಿದ್ದೆಯೇ ಇರಲಿಲ್ಲವಂತೆ. ಹೊರಳಾಡಿ ಹೊರಳಾಡಿ ಒಂದು ಮಧ್ಯಾಹ್ನ ನಿದ್ದೆ ಹತ್ತಿ ಕಣ್ಣು ಮುಚ್ಚಿದರಂತೆ. ಅತ್ತಿಗೆ ದೇವರು ಕಣ್ಣು ತೆರೆದಷ್ಟು ಸಂತೋಷ. ಮಕ್ಕಳನ್ನು ಹೊರಗೆ ಕಳಿಸಿದಳು. ಅಂಗಳದ ಕೋಳಿಗಳನ್ನು ಓಡಿಸಿದಳು. ಪಕ್ಕದ ಮನೆಯಲ್ಲಿ ಖಾರ ಕುಟ್ಟುತ್ತಿದ್ದವರ ಕೈಹಿಡಿದು ನಿಲ್ಲಿಸಿದಳು. ನೋಡಲು ಬಂದ ಬೀಗರನ್ನು ಹೊಸ್ತಿಲಿಂದಲೇ, ಈಗಷ್ಟೇ ಕಣ್ಣು ಹತ್ತಿದೆ, ಸಂಜೆಗೆ ಬನ್ನಿ ಎಂದು ಹೊರಳಿಸಿ ಕಳಿಸಿದಳು. ತಾನು ಬಾಗಿಲಲ್ಲಿ ಕಾವಲು ಕೂತಳು. ಹೊತ್ತು ಇಳಿದ ಮೇಲೆ ಚಹಾ ತೆಗೆದುಕೊಂಡು ಒಳಗೆ ಹೋದರೆ, ಮಾವನ ಕೈ ತಣ್ಣಗಾಗಿತ್ತು.

“ಎಷ್ಟೊತ್ತಿಗಿ ಹೋದ್ರೋ ಗೊತ್ತಿಲ್ಲ,” ಎಂದಳು ಅತ್ತಿ. “ಎಬ್ಬಿಸಿದ್ರ ಉಳೀತಿದ್ರು ಅಂತ ನಾ ಅನ್ನಂಗಿಲ್ಲ, ತಮ್ಮಾ. ನಾ ಬಾಗಲದಾಗ ಇದ್ದೆ. ಅವರು ಒಬ್ಬರೇ ಹೋದ್ರು.”

ಮಕ್ಕಳಿಗೆ ದಿನಾ ಮಾತು ಕಲಿಸುವ ಮಾಸ್ತರ ನಾನು, ನನಗೆ ಹೊಳೆದದ್ದು ಒಂದೇ ಪ್ರಶ್ನೆ! ಅದನ್ನೇ ಕೇಳಿದೆ:

“ಅತ್ತಿ, ಮಾವ ಹೆಂಗಿದ್ರು?”

ಆಕೆ ಗಕ್ಕನೆ ನನ್ನತ್ತ ತಿರುಗಿದಳು. ಅಷ್ಟು ವರ್ಷಗಳಲ್ಲಿ ಈ ಮಾತು ಯಾರೂ ಕೇಳಿರಲಿಲ್ಲವೇನೋ. ಮೊದಲು ತಡವರಿಸಿದಳು. ಆಮೇಲೆ ನೆನಪುಗಳು ಒಂದೊಂದಾಗಿ ಬಂದವು. ಮಾವ ಬಹಳ ಎತ್ತರ, ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡು ಚೌಕಟ್ಟಿಗೇ ಬಯ್ಯುತ್ತಿದ್ದರು. ಹೋರಿಗೆ ಹೆದರದ ಗಂಡಸು ಹಲ್ಲಿಗೆ ಹೆದರುತ್ತಿದ್ದರು. ಮದುವೆಯಾದ ಹೊಸತರಲ್ಲಿ ರಾಮದುರ್ಗದ ಸಂತೆಗೆ ಹೋಗಿ, ಕೈಯಲ್ಲಿ ಏನನ್ನೋ ಹಿಡಿದು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಬಂದಿದ್ದರು. ಬಾಗಿಲಲ್ಲಿ ನಿಂತವರು ನಾಚಿಕೊಂಡು…

ಅಲ್ಲಿಗೆ ಮಾತು ನಿಂತಿತು. ನೋಡಿದರೆ ಅತ್ತಿ ಕೂತಲ್ಲೇ ನಿದ್ದೆ ಹೋಗಿದ್ದಳು. ತಲೆ ಮೆಲ್ಲಗೆ ನನ್ನ ಭುಜಕ್ಕೆ ವಾಲಿತು. ಬಂದಾಗಿನಿಂದ ಆಕೆ ಹಗಲಲ್ಲಿ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಅಲುಗದೆ ಕೂತೆ.

ಅವ್ವ ದೀಪ ಹಚ್ಚಲು ಬಂದಳು. ಆ ಸಪ್ಪಳಕ್ಕೆ ಅತ್ತಿ ಕಣ್ಣು ಬಿಟ್ಟು, ಎಲ್ಲಿದ್ದೇನೆಂದು ತಿಳಿಯದವಳಂತೆ ಸುತ್ತ ನೋಡಿದಳು.

“ಮಾತು ಎಲ್ಲಿಗಿ ಬಿಟ್ಟಿದ್ನೋ?”

“ಮಾವ ಸಂತಿಯಿಂದ ಬಂದು ಬಾಗಲದಾಗ ನಿಂತಾರ,” ಎಂದೆ. “ಇನ್ನೂ ಒಳಗ ಬಂದಿಲ್ಲ.”

ಅತ್ತಿ ಸೆರಗಿನಿಂದ ಮುಖ ಒರೆಸಿಕೊಂಡು, ಸರಿಯಾಗಿ ಕೂತು, ಅವರನ್ನು ಒಳಗೆ ಕರೆದಳು.